ಸಮ್ರೀನ್ ಮತ್ತು ಬೋರೆಕೊಪ್ಪಲಿನ ಕರ್ನಲ್

ಪಾಂಡವಪುರದ ಬಸ್ ನಿಲ್ದಾಣದಿಂದ ಚಿನಕುರಳಿ ಕಡೆಗೆ ಹೊರಳುವ ರಸ್ತೆಯಲ್ಲಿ, ಗೊಬ್ಬರದಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವನು ಹೊರಗೇ ನಿಲ್ಲಬೇಕಾದಷ್ಟು ಅಗಲದ ಒಂದು ಅಂಗಡಿಯಿದೆ. ಬೋರ್ಡಿನ ಮೇಲೆ ‘ಹುಸೇನ್ ರೇಡಿಯೋ ಸರ್ವೀಸ್’ ಎಂದು ಬರೆದಿದೆ. ಒಳಗೆ ಹುಸೇನರೂ ಇಲ್ಲ, ರೇಡಿಯೋಗಳೂ ಇಲ್ಲ. ಹುಸೇನರು ಶ್ರೀರಂಗಪಟ್ಟಣದಲ್ಲಿ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿ, ಇನ್ನು ಸಾಕೆಂದು ಅಂಗಡಿ ಮುಚ್ಚಿದ ದಿನ ಬೋರ್ಡನ್ನು ಬಿಚ್ಚಿ ಮಗಳಿಗೆ ಕೊಟ್ಟರು. ಮಗಳು ಸಮ್ರೀನ್ ಅದನ್ನು ಒರೆಸಿ ತನ್ನ ಅಂಗಡಿಗೆ ತೂಗುಹಾಕಿಕೊಂಡಳು. ಒಳ್ಳೆಯ ತಗಡು, ಯಾಕೆ ಹಾಳುಮಾಡುವುದು ಎಂಬುದು ಅವಳ ವಾದ.

ಸಮ್ರೀನಳಿಗೆ ಈಗ ಮೂವತ್ತಾರು. ಕೆ.ಆರ್. ಪೇಟೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಆಮೇಲೆ ಎರಡು ವರ್ಷ ನಾಗಮಂಗಲದಲ್ಲಿ ತೂಕದ ಯಂತ್ರ ಮಾಡುವ ಪುಟ್ಟ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದಳು. ಅಂಗೈ ಅಗಲದ ಕಂಪ್ಯೂಟರ್ ಬೋರ್ಡುಗಳ ಸಹವಾಸ ಅವಳಿಗೆ ಅಂಟಿದ್ದು ಅಲ್ಲಿಯೇ. ಮದುವೆಯಾಗಿ ಪಾಂಡವಪುರಕ್ಕೆ ಬಂದಳು. ಗಂಡ ಹಫೀಜ್ ಗೂಡ್ಸ್ ಆಟೋ ಓಡಿಸುತ್ತಾನೆ. ಒಳ್ಳೆಯ ಮನುಷ್ಯ. ಆದರೆ ನಡೆದ ಸಂಗತಿಯನ್ನು ನಡೆದಷ್ಟೇ ಹೇಳುವ ಅಭ್ಯಾಸ ಅವನಿಗಿಲ್ಲ.

ಸಮ್ರೀನಳ ವಿಶೇಷವೆಂದರೆ ಅವಳು ಯಂತ್ರಗಳ ಜೊತೆ ಮಾತಾಡುತ್ತಾಳೆ. ಮಿಕ್ಸಿ ಬಂದರೆ, “ಏನಮ್ಮಾ, ಚಟ್ನಿಗೆ ಕಲ್ಲು ಹಾಕಿ ರುಬ್ಬಿಸಿದ್ರಾ ನಿನ್ ಕೈಲಿ?” ಎನ್ನುತ್ತಾಳೆ. ಯಂತ್ರಗಳಲ್ಲಿ ಕೆಟ್ಟವು ಅಂತ ಇಲ್ಲ, ಅವಕ್ಕೆ ಯಾರೋ ಸರಿಯಾಗಿ ಹೇಳಿರುವುದಿಲ್ಲ ಅಷ್ಟೆ ಎಂದು ನಂಬಿದವಳು. ಇನ್ನೊಂದು ಮಾತನ್ನೂ ಅವಳು ಹೇಳುತ್ತಿದ್ದಳು: “ನನ್ನ ಕೈಯಿಂದ ಹೋದ ಯಂತ್ರ ಒಂದೂ ವಾಪಸ್ ಬಂದಿಲ್ಲ.” ಇದನ್ನು ಕೇಳದವರಿಗೂ ಹೇಳುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಬೋರೆಕೊಪ್ಪಲಿನ ನೀರುಗಂಟಿ ಚೌಡಯ್ಯ, ಕಂಬಳಿಯಲ್ಲಿ ಸುತ್ತಿದ ಏನನ್ನೋ ಎದೆಗವಚಿಕೊಂಡು ಬಸ್ಸಿಳಿದು ಬಂದ. ಬೋರೆಕೊಪ್ಪಲು ಚಿನಕುರಳಿಯ ಆಚೆಗಿನ ಸಣ್ಣ ಊರು. ಊರಿಗೆ ಟ್ಯಾಂಕಿನ ನೀರು ಬಿಡುವುದು ಚೌಡಯ್ಯನ ಕೆಲಸ. ಅವನು ಕಂಬಳಿ ಬಿಚ್ಚಿದಾಗ ಕಂಡದ್ದು ಮೈಕ್ ಪೆಟ್ಟಿಗೆ.

ಬೋರೆಕೊಪ್ಪಲಿನವರಿಗೆ ಆ ಪೆಟ್ಟಿಗೆಯೆಂದರೆ ಬಹಳ ಹೆಮ್ಮೆ. ಅದರ ಮುಖದ ಮೇಲೆ ಒಂದು ಟಚ್ ಸ್ಕ್ರೀನು. ಅದರಲ್ಲಿ ಸಾಲಿಗೆ ಮೂರರಂತೆ ಒಂಬತ್ತು ಚಿತ್ರ. ನಲ್ಲಿಯ ಚಿತ್ರ ಒತ್ತಿದರೆ ಊರಿನ ನಾಲ್ಕು ಕಂಬಗಳ ಮೇಲಿನ ಸ್ಪೀಕರುಗಳೂ ಒಟ್ಟಿಗೆ “ನೀರು ಬಿಡಲಾಗಿದೆ” ಎಂದು ಹೇಳುತ್ತವೆ. ಅಕ್ಕಿಚೀಲ ಒತ್ತಿದರೆ ರೇಷನ್, ಹೂವಿನ ಹಾರ ಒತ್ತಿದರೆ ಸಾವಿನ ಸುದ್ದಿ. ಕಸದ ಗಾಡಿಗೊಂದು, ನಾಯಿಗಳಿಗೆ ಸೂಜಿ ಹಾಕುವ ದಿನಕ್ಕೊಂದು, ಗ್ರಾಮಸಭೆಗೊಂದು, ಕರೆಂಟು ಹೋಗುವುದಕ್ಕೊಂದು. ನಟ್ಟನಡುವೆ ಅಂಗನವಾಡಿಯ ಮೊಟ್ಟೆ. ಸುತ್ತಲಿನ ಕಬ್ಬಿನ ಗದ್ದೆಗಳಲ್ಲಿ ಚಿರತೆ ಕಾಣಿಸಿಕೊಳ್ಳುವುದುಂಟಾದ್ದರಿಂದ ಕೊನೆಯಲ್ಲಿ ಒಂದು ಚಿರತೆ. ಒಂಬತ್ತಕ್ಕೂ ದನಿ ಕೊಟ್ಟವಳು ಅಂಗನವಾಡಿ ಟೀಚರ್ ಸಹನ. ಅವಳದು ಜೇನಿನಂಥ ದನಿ. ಅವಳು ಹೇಳಿದರೆ ಚಿರತೆಯೂ ನೆಂಟರ ಹಾಗೆ ಕೇಳಿಸುತ್ತಿತ್ತು.

ಈಗ ಆ ಸ್ಕ್ರೀನು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತ್ತು.

“ಏನಾಯ್ತು ಚೌಡಣ್ಣ?”

“ಕೋಳಿ ಕುಕ್ಬುಡ್ತು ಕಣವ್ವ.”

“ಕೋಳೀನಾ?”

“ಕುಳ್ಳಮ್ಮನ ಉಂಜ. ಟ್ಯಾಂಕಿನ ರೂಮ್ಗೆ ನುಗ್ಗಿ, ಗಾಜೊಳ್ಗೆ ಇನ್ನೊಂದು ಉಂಜ ಐತೆ ಅಂದ್ಕೊಂಡು ಅರ್ಧ ಗಂಟೆ ಜಗಳಾಡ್ಬುಟ್ಟದೆ. ಅದು ಕುಕ್ದಾಗೆಲ್ಲ ಮೈಕು ಕೂಗ್ತಾ ಇತ್ತು. ನೀರು ಬಂತು, ಅಕ್ಕಿ ಬಂತು, ಚಿರತೆ ಬಂತು, ಯಾರೋ ಸತ್ತೋದ್ರು, ಮೊಟ್ಟೆ ಈಸ್ಕೊಳ್ಳಿ ಅಂತ, ಎಲ್ಲ ಒಂದೇ ಸಮ. ಜನ ಬಿಂದ್ಗೇನೂ ಚೀಲಾನೂ ದೊಣ್ಣೇನೂ ಇಡ್ಕೊಂಡು, ಅಳ್ತಾ ಬಂದ್ರು.”

ಸಮ್ರೀನ್ ನಗು ತಡೆದುಕೊಂಡು ಪೆಟ್ಟಿಗೆ ಬಿಚ್ಚಿದಳು. ಒಳಗಿನ ಬೋರ್ಡು ಗಟ್ಟಿಮುಟ್ಟಾಗಿತ್ತು. ಸ್ಕ್ರೀನು ಮಾತ್ರ ಹೋಗಿತ್ತು. ಅದನ್ನು ತಯಾರಿಸಿದ ಕಂಪನಿ ಬಾಗಿಲು ಮುಚ್ಚಿ ವರ್ಷವಾಗಿತ್ತು, ಅಂಥದೇ ಸ್ಕ್ರೀನು ಸಿಗುವಂತಿರಲಿಲ್ಲ. ಅವಳ ಅಟ್ಟದ ಮೇಲೆ ಶ್ರೀರಂಗಪಟ್ಟಣದಿಂದ ತಂದ ಒಂದು ಹಳೆಯ ತೂಕದ ಯಂತ್ರ ಬಿದ್ದಿತ್ತು. ಮೇಲೆ ಹತ್ತಿ ನಿಂತರೆ ತೂಕದ ಜೊತೆ ಭವಿಷ್ಯವನ್ನೂ ಹೇಳುವಂಥದ್ದು. ಅದರ ಟಚ್ ಸ್ಕ್ರೀನನ್ನು ಬಿಚ್ಚಿ ಪೆಟ್ಟಿಗೆಗೆ ಹಿಡಿದು ನೋಡಿದಳು. ಅಳತೆ ಸರಿಹೋಯಿತು. ತಂತಿ ಮಾತ್ರ ಆ ಕಡೆಯಿಂದ ಈ ಕಡೆಗೆ ಎಟುಕಲಿಲ್ಲ. ಸ್ಕ್ರೀನನ್ನೇ ತಲೆಕೆಳಗು ಮಾಡಿ ಕೂರಿಸಿದಳು, ಎಟುಕಿತು. ಚಿತ್ರಗಳು ಶೀರ್ಷಾಸನ ಹಾಕಿದವು. ಅದಕ್ಕೇನು, ಲ್ಯಾಪ್‌ಟಾಪ್ ಜೋಡಿಸಿ ಒಂದು ಸಾಲು ಬರೆದು ಚಿತ್ರಗಳನ್ನೂ ತಿರುಗಿಸಿ ನೆಟ್ಟಗೆ ಮಾಡಿದಳು.

ಚೌಡಯ್ಯ ನಲ್ಲಿಯ ಚಿತ್ರ ಒತ್ತಿದ. ಏನೂ ಆಗಲಿಲ್ಲ. ಇನ್ನೂ ಜೋರಾಗಿ ಒತ್ತಿದ.

“ಚಿತ್ರ ಬಂತಲ್ಲವ್ವ, ಮಾತೇ ಆಡಾಕಿಲ್ವಲ್ಲ!”

“ಹೊಸ ಟಚ್ಚು ಬಂದದೆ ಅಂತ ಇನ್ನೂ ಕರ್ನಲ್‌ಗೆ ಗೊತ್ತಿಲ್ಲ ಚೌಡಣ್ಣ. ನಾವು ಬರೆದು ತಿಳಿಸ್ಬೇಕು.”

ಸ್ಟೂಲಿನ ಮೇಲೆ ಕೂರಲು ಅರ್ಧ ಬಗ್ಗಿದ್ದ ಚೌಡಯ್ಯ ಹಾಗೇ ಎದ್ದು ನಿಂತ. “ಕರ್ನಲ್ಲಾ? ಇದ್ರೊಳ್ಗಾ?”

ಕಂಪ್ಯೂಟರಿನ ಒಳಗೆ ಎಲ್ಲಕ್ಕೂ ಬುಡದಲ್ಲಿ ಕೂತು, ಯಂತ್ರದ ಅಂಗಾಂಗಗಳನ್ನೆಲ್ಲ ನಡೆಸುವ ಪ್ರೋಗ್ರಾಮಿಗೆ ಕರ್ನಲ್ ಎಂದು ಹೆಸರು. ಸಮ್ರೀನ್ ಹೇಳಿದ್ದು ಅದನ್ನು. ಚೌಡಯ್ಯನಿಗೆ ಗೊತ್ತಿದ್ದ ಕರ್ನಲ್ ಒಂದೇ ಬಗೆಯವರು, ಮೀಸೆ ಇರುವವರು, ಮಿಲ್ಟ್ರಿಯವರು. ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಸಮ್ರೀನ್ ಅವನ ಮುಖ ನೋಡಲಿಲ್ಲ.

“ಮತ್ತೆ? ಎಲ್ಲಕ್ಕೂ ಮೇಲಿನವ್ನು ಅವ್ನೇ. ಅವ್ನ ಅಪ್ಪಣೆ ಇಲ್ದೆ ಒಂದು ದೀಪನೂ ಹತ್ತಾಕಿಲ್ಲ.”

“ಅವ್ನು ಅನ್ಬೇಡ ಕಣವ್ವ, ಅವ್ರು ಅನ್ನು,” ಎಂದ ಚೌಡಯ್ಯ, ದನಿ ತಗ್ಗಿಸಿ.

“ಮೌಸ್ ಸಿಕ್ಕಿಸಿದ್ರೆ ಅದು ತಾನೇ ಬಾಯಿಬಿಟ್ಟು, ನಾನು ಮೌಸು, ಇಂಥ ಊರಿಂದ ಬಂದೆ ಅಂತ ಹೇಳ್ಕೊಳ್ತದೆ. ಈ ಟಚ್ಚಿನ ಚಿಪ್ಪು ಅಂಗಲ್ಲ. ಮೂಲೇಲಿ ಸುಮ್ನೆ ಕೂತಿರ್ತದೆ, ಯಾರು ಏನು ಅಂತ ಹೇಳಾಕಿಲ್ಲ. ಅದ್ಕೆ ನಾವೇ ಬರ್ಕೊಡ್ಬೇಕು. ಹೆಸ್ರೇನು, ವಿಳಾಸ ಏನು, ಎಷ್ಟು ಅಗಲ, ಎಷ್ಟು ಉದ್ದ, ಬೆರಳು ತಾಕಿದ್ರೆ ಯಾವ ತಂತಿ ಎಳೆದು ಎಬ್ಬಿಸ್ತದೆ, ಎಲ್ಲಾನೂ. ನಾವು ಬರೆದಿದ್ದನ್ನ ಕರ್ನಲ್ ಅಂಗೇ ನಂಬ್ತಾರೆ, ಕಣ್ಣಲ್ಲಿ ನೋಡಾಕಿಲ್ಲ.”

“ದೊಡ್ಡವ್ರು ಅಂಗೇಯ,” ಎಂದು ಚೌಡಯ್ಯ ತಲೆದೂಗಿದ. “ಫೈಲ್ ನೋಡಿ ಸೈನ್ ಆಕ್ತಾರೆ.”

ಸಮ್ರೀನ್ ಬರೆಯತೊಡಗಿದಳು. ಚಿಪ್ಪಿನ ಬೆನ್ನ ಮೇಲಿದ್ದ ಹೆಸರನ್ನು ಭೂತಗನ್ನಡಿಯಲ್ಲಿ ಓದಿ ಬರೆದಳು. ಅಗಲದ ಚುಕ್ಕೆಗಳೆಷ್ಟು, ಉದ್ದದ ಚುಕ್ಕೆಗಳೆಷ್ಟು ಎಂದು ಬರೆದಳು. ವಿಳಾಸಕ್ಕೆ ಬಂದಾಗ ತೊಡಕಾಯಿತು. ಆ ಚಿಪ್ಪಿಗೆ ಎರಡು ವಿಳಾಸ. ಅದು ನಿದ್ದೆಯಿಂದ ಏಳುವ ಕ್ಷಣದಲ್ಲಿ ಎಬ್ಬಿಸುವ ತಂತಿಯಲ್ಲಿ ಕರೆಂಟು ಇದ್ದರೆ ಒಂದು ಮನೆ, ಇಲ್ಲದಿದ್ದರೆ ಇನ್ನೊಂದು ಮನೆ. ಮೊದಲನೆಯ ಮನೆಯಲ್ಲಿ ಕರೆದಳು, ಓಗೊಡಲಿಲ್ಲ. “ಎಲ್ಲಿ ಹಾಳಾಗೋದೆ? ಎರಡು ಮನೆ ಮಾಡ್ಕೊಂಡು ಯಾರನ್ನ ಉದ್ಧಾರ ಮಾಡ್ತೀಯ?” ಎಂದು ಬೈದಳು. ಅಂಗಡಿಯ ಮುಂದೆ ಆಗಷ್ಟೇ ಆಟೋ ನಿಲ್ಲಿಸಿದ್ದ ಹಫೀಜ್ ಗಾಬರಿಯಾಗಿ, “ನಾನು ಚಿನಕುರಳೀಲಿದ್ದೆ!” ಎಂದ.

ಎರಡನೆಯ ವಿಳಾಸ ಬರೆದು, ಕಡತವನ್ನು ಯಂತ್ರದ ಭಾಷೆಗೆ ಇಳಿಸಿ, ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿದಳು. ಬೆರಳೆತ್ತಿ ನಟ್ಟನಡುವಿನ ಚಿತ್ರವನ್ನು ಒತ್ತಿದಳು. ಸಹನಳ ದನಿ ಹರಿದುಬಂತು: “ಅಂಗನವಾಡಿಯಲ್ಲಿ ಮೊಟ್ಟೆ ಕೊಡಲಾಗುತ್ತಿದೆ. ತಾಯಂದಿರು ಬರಬೇಕು.”

“ಮಾಷಾಅಲ್ಲಾ!” ಎಂದಳು ಸಮ್ರೀನ್. ಚೌಡಯ್ಯ ಪೆಟ್ಟಿಗೆಗೆ ಕೈಮುಗಿದು, ಕಂಬಳಿ ಸುತ್ತಿ, ಹೊರಟಿದ್ದ ಬಸ್ಸನ್ನು ಓಡಿ ಹಿಡಿದ.

ಇದಾಗಿ ಮೂರು ವಾರ ಕಳೆಯಿತು.

ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಹಫೀಜ್ ಅಂಗಡಿಗೆ ಬಂದು, ಒಂದು ತಂಬಿಗೆ ನೀರನ್ನು ನಿಲ್ಲಿಸದೆ ಕುಡಿದ. ಅವನ ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು.

“ಬೋರೆಕೊಪ್ಪಲಿಗೆ ಇನ್ನು ನಾನು ಹೋಗಲ್ಲ,” ಎಂದ. “ಅಲ್ಲಿ ಜನ ಸರಿಯಿಲ್ಲ.”

ನಡೆದದ್ದಿಷ್ಟು. ಮದುವೆ ಮನೆಯೊಂದಕ್ಕೆ ಪ್ಲಾಸ್ಟಿಕ್ ಕುರ್ಚಿ ಇಳಿಸಲು ಹಫೀಜ್ ಬೆಳಿಗ್ಗೆ ಬೋರೆಕೊಪ್ಪಲಿಗೆ ಹೋಗಿದ್ದ. ಆಟೋ ಊರ ನಡುವೆ ನಿಂತಿತ್ತು. ಆಗ ನಾಲ್ಕು ಕಂಬಗಳಿಂದಲೂ ಜೇನಿನಂಥ ದನಿ ಬಂತು: “ಸಾರ್ವಜನಿಕರ ಗಮನಕ್ಕೆ. ಊರಿನಲ್ಲಿ ಚಿರತೆ ಕಾಣಿಸಿಕೊಂಡಿದೆ. ದಯವಿಟ್ಟು ಯಾರೂ ಹೊರಗೆ ಬರಬೇಡಿ.” ಹಫೀಜ್ ಎರಡೂ ಬಾಗಿಲು ಹಾಕಿ, ಗಾಜು ಏರಿಸಿ, ಸೀಟಿನ ಕೆಳಗೆ ಎಷ್ಟು ಹಿಡಿಸಿತೋ ಅಷ್ಟು ದೇಹವನ್ನು ತುರುಕಿಕೊಂಡ. ಓದಲು ಬರುತ್ತಿದ್ದ ಪ್ರಾರ್ಥನೆಗಳನ್ನೆಲ್ಲ ಓದಿದ. ಸ್ವಲ್ಪ ಹೊತ್ತಿಗೆ ದಡಬಡ ಸದ್ದು. ತಲೆಯೆತ್ತಿ ನೋಡಿದರೆ ಊರಿನ ಹೆಂಗಸರೆಲ್ಲ ಬಿಂದಿಗೆ ಹಿಡಿದು ನಗುನಗುತ್ತಾ ಬೀದಿಗೆ ಓಡಿ ಬರುತ್ತಿದ್ದಾರೆ! ಒಬ್ಬಳು ಮುದುಕಿ ಗಾಜನ್ನು ಬಡಿದಳು.

“ಯಾಕ್ಲಾ ಮಗ, ಒಳ್ಗೇ ಬೆಂದು ಸಾಯ್ತಾ ಇದ್ದೀಯ? ಬಾ, ಮುಖ ತೊಳ್ಕೊ. ಚಿರತೆ ಬಂದದೆ.”

“ಗೊತ್ತಜ್ಜಿ! ಅದ್ಕೇ ಒಳಗಿದ್ದೀನಿ!”

“ಇವತ್ತು ಒಳ್ಳೆ ಜೋರಾಗಿ ಬತ್ತಾ ಅದೆ ಕಣ್ಲಾ. ನೆನ್ನೆ ಸಣ್ಣಗೆ ದಾರದಂಗೆ ಬತ್ತಿತ್ತು.”

ಕೇಳುತ್ತಾ ಕೇಳುತ್ತಾ ಸಮ್ರೀನಳಿಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು. ನಗುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಮೇಲಿನ ಎಡಮೂಲೆಯಲ್ಲಿ ನಲ್ಲಿ. ಕೆಳಗಿನ ಬಲಮೂಲೆಯಲ್ಲಿ ಚಿರತೆ. ಸ್ಕ್ರೀನನ್ನು ತಲೆಕೆಳಗು ಕೂರಿಸಿದ್ದಳು, ಚಿತ್ರಗಳನ್ನು ತಿರುಗಿಸಿದ್ದಳು. ಬೆರಳಿನ ಲೆಕ್ಕವೂ ತಿರುಗಿದೆ ಎಂದು ಕರ್ನಲ್‌ಗೆ ಬರೆದಿರಲೇ ಇಲ್ಲ. ಬೆರಳು ಮೇಲೆ ತಾಕಿದರೆ ಅದು ಕೆಳಗೆ ಎಂದು ತಿಳಿಯುತ್ತಿತ್ತು, ಎಡವನ್ನು ಬಲವೆಂದು ತಿಳಿಯುತ್ತಿತ್ತು. ಅವಳು ಒತ್ತಿ ನೋಡಿದ್ದು ಒಂದೇ ಚಿತ್ರ, ನಟ್ಟನಡುವಿನ ಮೊಟ್ಟೆ. ಹೇಗೆ ತಿರುಗಿಸಿದರೂ ನಡುವಿನದ್ದು ನಡುವೆಯೇ ಇರುತ್ತದೆ!

“ಯಾ ಅಲ್ಲಾ,” ಎಂದು ಹಣೆ ಹಿಡಿದುಕೊಂಡಳು. “ಒಂಬತ್ತರಲ್ಲಿ ಸರಿಯಾಗಿದ್ದುದು ಅದೊಂದೇ, ನಾನು ಒತ್ತಿದ್ದೂ ಅದನ್ನೇ.”

ಅವಳನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ಮೂರು ವಾರದಿಂದ ಯಂತ್ರ ಊರಿಗೆಲ್ಲ ಸುಳ್ಳು ಹೇಳುತ್ತಿದೆ, ಚೌಡಯ್ಯ ಯಾಕೆ ಬಂದು ಒಂದು ಮಾತು ಹೇಳಲಿಲ್ಲ? ವಾಪಸ್ ಬರದ ಯಂತ್ರಗಳೆಲ್ಲ ಹೀಗೆಯೇ ಎಲ್ಲೆಲ್ಲೋ ಏನೇನೋ ಹೇಳಿಕೊಂಡು ಕೂತಿವೆಯೇನೋ ಎಂಬ ಅನುಮಾನ ಬಂತು. ಅವಳು ಮಧ್ಯಾಹ್ನವೇ ಅಂಗಡಿ ಮುಚ್ಚಿ, ಲ್ಯಾಪ್‌ಟಾಪ್ ಎತ್ತಿಕೊಂಡು, ಒಲ್ಲೆನೆನ್ನುತ್ತಿದ್ದ ಗಂಡನ ಆಟೋ ಹತ್ತಿದಳು.

ಬೋರೆಕೊಪ್ಪಲಿನಲ್ಲಿ ಟ್ಯಾಂಕಿನ ಕೋಣೆಯ ಮುಂದೆ ಮೂವರು ಸಿಕ್ಕರು. ಒಬ್ಬ ಚೌಡಯ್ಯ. ಇನ್ನೊಬ್ಬಳು ಹುಂಜದ ಒಡತಿ ಕುಳ್ಳಮ್ಮ. ಅವಳನ್ನು ಕಂಡೊಡನೆ ಹಫೀಜ್, ಗಾಜು ಬಡಿದ ಅಜ್ಜಿ ಇವಳೇ ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ. ಮೂರನೆಯವನು ಎಪ್ಪತ್ತೆಂಟರ ಕುಳ್ಳಯ್ಯ. ಮಿಲ್ಟ್ರಿಯಲ್ಲಿ ಹವಾಲ್ದಾರನಾಗಿದ್ದು ಬಂದವನು. ಎರಡು ತಿಂಗಳಿಂದ ಕಾಯಿಲೆ ಬಿದ್ದು, ಈಗ ಚಾಪೆಯ ಮೇಲೆ ಶಾಲು ಹೊದ್ದು ಕೂತಿದ್ದ.

“ಒತ್ತೋದು ಒಂದು, ಕೂಗೋದು ಇನ್ನೊಂದು. ನನ್ ಹತ್ರ ಯಾಕೆ ಬರ್ಲಿಲ್ಲ ಚೌಡಣ್ಣ?” ಎಂದು ಕೇಳಿದಳು ಸಮ್ರೀನ್.

ಚೌಡಯ್ಯ ಅತ್ತಿತ್ತ ನೋಡಿದ. “ಕರ್ನಲ್ ಸಾಹೇಬ್ರ ಆರ್ಡ್ರು ಅಂದ್ಕೊಂಡ್ವಿ ಕಣವ್ವ. ಕುಳ್ಳಯ್ಯಣ್ಣನ್ನ ಕೇಳ್ದೆ. ಮಿಲ್ಟ್ರೀಲಿ ಎಲ್ಲಾ ಇಂಗೇಯ, ಶತ್ರುಗೆ ಗೊತ್ತಾಗ್ಬಾರ್ದು ಅಂತ ಒಂದು ಅಂದ್ರೆ ಇನ್ನೊಂದು ಅರ್ಥ ಮಡಗಿರ್ತಾರೆ ಅಂದ.”

“ಕೋಡು,” ಎಂದ ಕುಳ್ಳಯ್ಯ ಗಂಭೀರವಾಗಿ. “ಅರವತ್ತೊಂಬತ್ತನೇ ಇಸ್ವೀಲಿ ನಮ್ಗೆ ಈರುಳ್ಳಿ ಅಂದ್ರೆ ಲಾರಿ.”

ಊರು ಹೊಂದಿಕೊಂಡುಬಿಟ್ಟಿತ್ತು. ಚಿರತೆ ಎಂದರೆ ನೀರು. ನಾಯಿಗೆ ಸೂಜಿ ಎಂದರೆ ಕಸದ ಗಾಡಿ. ಕರೆಂಟು ಹೋಗುತ್ತದೆ ಎಂದರೆ ಗ್ರಾಮಸಭೆ. ಶೋಕ ಸುದ್ದಿ ಎಂದರೆ ರೇಷನ್ ಅಕ್ಕಿ. ಮೃತರ ಆತ್ಮಕ್ಕೆ ಶಾಂತಿ ಕೋರುವ ದನಿ ಬಂದೊಡನೆ ಮಕ್ಕಳು ಚೀಲ ಹುಡುಕುತ್ತಿದ್ದರು. ಶಾಲೆಯ ಗೋಡೆಯ ಮೇಲೆ ಯಾರೋ ಇದ್ದಲಿನಲ್ಲಿ ಇಡೀ ಪಟ್ಟಿಯನ್ನೇ ಬರೆದಿದ್ದರು.

“ಇದ್ರಾಗೆ ಲಾಭನೂ ಅದೆ,” ಎಂದಳು ಕುಳ್ಳಮ್ಮ. “ಮೊದ್ಲು ನೀರು ಅಂತ ಕೂಗುದ್ರೆ ಪಕ್ಕದ ಊರೋರೆಲ್ಲ ಬಿಂದ್ಗೆ ಇಡ್ಕೊಂಡು ಬಂದ್ಬುಡೋರು. ಈಗ ಚಿರತೆ ಅಂದ್ರೆ ಒಂದು ನರಪಿಳ್ಳೆ ಇತ್ಲಾಗೆ ತಲೆ ಆಕಾಕಿಲ್ಲ. ಇಂಗೇ ಇರ್ಲಿ ಬುಡವ್ವ.”

“ಇಂಗೇ ಇರ್ಲಿ ಅಂತೀಯಲ್ಲ,” ಎಂದು ಕುಳ್ಳಯ್ಯ ಶಾಲನ್ನು ಕೊಡವಿದ. “ನಾನು ಸತ್ರೆ ಏನ್ ಕೂಗ್ತದೆ ಗೊತ್ತಾ? ರೇಷನ್ ಅಕ್ಕಿ ಬಂದಿದೆ, ಚೀಲ ತನ್ನಿ ಅಂತ ಕೂಗ್ತದೆ! ಹದಿನೆಂಟು ವರ್ಸ ದೇಸ ಕಾದೋನು ನಾನು. ಹೆಣ ನೋಡಕ್ಕೆ ಜನ ಚೀಲ ಇಡ್ಕೊಂಡು ಬರ್ಬೇಕಾ? ಅದ್ಕೇ ಮೂರು ವಾರದಿಂದ ಗಟ್ಟಿಯಾಗಿ ಉಸ್ರು ಇಡ್ಕೊಂಡು ಕೂತಿವ್ನಿ. ಸರಿ ಮಾಡೋ ತಂಕ ನಾನು ಸಾಯಾಕಿಲ್ಲ.”

“ಅಂಗಾದ್ರೆ ಸರಿ ಮಾಡೋದೇ ಬ್ಯಾಡ,” ಎಂದ ಚೌಡಯ್ಯ. “ನೀನು ಬದ್ಕಿದ್ದಂಗೂ ಆಯ್ತದೆ.”

ಮೂವರೂ ಒಟ್ಟಿಗೆ ಮಾತಾಡತೊಡಗಿದರು. ಸಮ್ರೀನ್ ಕೈಯೆತ್ತಿದಳು. ಸಾಮಾನ್ಯವಾಗಿ ಗಿರಾಕಿ ಹೇಳಿದಂತೆ ಕೇಳುವವಳು ಅವಳು. ಇವತ್ತು ಮಾತ್ರ ದನಿ ಗಟ್ಟಿಯಾಗಿತ್ತು.

“ಕೇಳಿ. ಒಳಗಿರೋರು ಮಿಲ್ಟ್ರಿಯವ್ರಲ್ಲ. ಅದೊಂದು ಪ್ರೋಗ್ರಾಮು. ಅದಕ್ಕೆ ಕೋಡೂ ಗೊತ್ತಿಲ್ಲ, ಶತ್ರೂನೂ ಗೊತ್ತಿಲ್ಲ. ನಾನು ಬರ್ಕೊಟ್ಟಿದ್ದನ್ನ ನಂಬ್ಕೊಂಡು ಪಾಪ ನಿಯತ್ತಾಗಿ ಕೆಲ್ಸ ಮಾಡ್ತಾ ಅದೆ. ಟಚ್ಚು ತಲೆಕೆಳಗಾಗಿ ಕೂತದೆ, ಎಡ ಬಲ, ಮೇಲೆ ಕೆಳಗೆ ಎಲ್ಲ ತಿರುಗ್ಬುಟ್ಟದೆ ಅಂತ ಬರೀದೆ ಬಿಟ್ಟೋಳು ನಾನು. ನಾಳೆ ನಿಜವಾದ ಚಿರತೆ ಬಂದು, ನೀರು ಬಂತು ಅಂತ ಕೂಗಿ, ಯಾರಾದ್ರೂ ಹೊಸಬ್ರು ಹೊರಗೆ ಬಂದ್ರೆ? ನಾನು ಸರಿ ಮಾಡೇ ಹೋಗೋದು.”

ಪ್ರೋಗ್ರಾಮು ಎಂಬ ಮಾತು ಕುಳ್ಳಯ್ಯನ ಮೇಲೆ ಯಾವ ಪರಿಣಾಮವನ್ನೂ ಮಾಡಲಿಲ್ಲ. ಅವನು ಶಾಲಿನೊಳಗಿಂದ ನಾಲ್ಕಾಗಿ ಮಡಿಸಿದ ಒಂದು ಹಾಳೆ ತೆಗೆದು, ಅವಳು ಹೇಳಿದ್ದನ್ನೂ ಅಲ್ಲೇ ಎರಡು ಸಾಲು ಸೇರಿಸಿದ. “ಸರಿ ಮಾಡು. ಆದ್ರೆ ಸಾಹೇಬ್ರಿಗೆ ಬರಿಯೋವಾಗ ಮರ್ಯಾದೆಯಿಂದ ಬರಿ. ನಾನು ಅರ್ಜಿ ಬರ್ದು ಮಡ್ಗಿವ್ನಿ, ಇದ್ನೂ ಸೇರ್ಸು.”

ಸಮ್ರೀನ್ ಹಾಳೆ ಓದಿದಳು. ತುಟಿ ಕಚ್ಚಿಕೊಂಡಳು. ಈ ಬಗೆಯ ಕಡತಗಳಲ್ಲಿ ಒಂದು ಅನುಕೂಲವಿದೆ. ಎರಡು ಗುರುತುಗಳ ನಡುವೆ ಏನು ಬೇಕಾದರೂ ಬರೆಯಬಹುದು. ಅದು ಓದುವ ಮನುಷ್ಯರಿಗೆ ಮಾತ್ರ, ಯಂತ್ರ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಅವಳು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಆ ಗುರುತುಗಳ ನಡುವೆ ಅರ್ಜಿಯನ್ನು ಅಕ್ಷರ ಬಿಡದೆ ಇಳಿಸಿದಳು:

‘ಮಾನ್ಯ ಕರ್ನಲ್ ಸಾಹೇಬರ ಸನ್ನಿಧಿಗೆ, ಮಾಜಿ ಹವಾಲ್ದಾರ್ ಕುಳ್ಳಯ್ಯ ಮಾಡುವ ಸಲ್ಯೂಟ್. ತಾವು ಕ್ಷೇಮವೆಂದು ನಂಬಿರುತ್ತೇನೆ. ನಮ್ಮ ಊರಿನ ಟಚ್ಚು ತಲೆಕೆಳಗಾಗಿ ಕೂತಿರುವುದನ್ನು ತಮ್ಮ ಗಮನಕ್ಕೆ ತಂದಿಲ್ಲವಾಗಿ ಕ್ಷಮೆ ಇರಲಿ. ಎಡವನ್ನು ಬಲವೆಂದೂ ಮೇಲನ್ನು ಕೆಳಗೆಂದೂ ಭಾವಿಸಿ ನಡೆಸಿಕೊಡಬೇಕು. ಕೋಳಿಯ ಮೇಲೆ ಕ್ರಮ ಜರುಗಿಸಲಾಗಿದೆ.’

“ಕೋಳಿ ಮೇಲೆ ಏನ್ ಕ್ರಮ?” ಎಂದು ಹಫೀಜ್ ಕೇಳಿದ.

“ಕಟ್ಟಾಕಿವ್ನಿ,” ಎಂದಳು ಕುಳ್ಳಮ್ಮ, ಮುಖ ಸಣ್ಣಗೆ ಮಾಡಿಕೊಂಡು.

ಅರ್ಜಿಯ ಕೆಳಗೆ ಸಮ್ರೀನ್ ಎರಡೇ ಸಾಲು ಸೇರಿಸಿದಳು. ಅಡ್ಡದ ಲೆಕ್ಕ ತಿರುಗಿದೆ ಎಂದು ಒಂದು, ಉದ್ದದ ಲೆಕ್ಕ ತಿರುಗಿದೆ ಎಂದು ಇನ್ನೊಂದು. ಕಂಬಗಳ ಸ್ಪೀಕರಿಗೆ ಹೋಗುವ ಸ್ವಿಚ್ಚು ಆರಿಸಿ, ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿ, ಈ ಸಲ ಒಂಬತ್ತನ್ನೂ ಒಂದೊಂದಾಗಿ ಒತ್ತಿದಳು. ನೀರು ಎಂದರೆ ನೀರು ಎಂದಿತು. ಹಾರ ಒತ್ತಿದಾಗ ಶೋಕ ಸುದ್ದಿ ಬಂತು. ಕುಳ್ಳಯ್ಯ ಕಣ್ಣು ಮುಚ್ಚಿ ಪೂರ್ತಿ ಕೇಳಿ, “ಚೆನ್ನಾಗದೆ. ಇನ್ನು ಯಾವಾಗ ಬೇಕಾದ್ರೂ ಸಾಯ್ಬೋದು,” ಎಂದು ಸಮಾಧಾನದಿಂದ ಎದ್ದು ಕೋಲೂರಿಕೊಂಡು ಮನೆಗೆ ಹೋದ.

ಮಾರನೆಯ ಬೆಳಿಗ್ಗೆ ಒಂಬತ್ತು ಗಂಟೆಗೆ ಸಮ್ರೀನಳ ಫೋನು ಬಡಿದುಕೊಂಡಿತು. ಚೌಡಯ್ಯನ ದನಿಯ ಹಿಂದೆ ನೀರು ಬೀಳುವ ಸದ್ದು ಕೇಳಿಸುತ್ತಿತ್ತು.

“ಸಮ್ರೀನವ್ವ, ಊರೇ ಬಾಗ್ಲು ಆಕ್ಕೊಂಡದೆ ಕಣವ್ವ! ನೀರು ಅಂತ ಕೂಗ್ತು ನೋಡು, ಎಲ್ರೂ ಚಿರತೆ ಅಂತ ಒಳೀಕ್ ಓಡೋದ್ರು. ನಾನು ನೀರು ಕಣ್ರೋ, ನೀರೇಯ ಅಂತ ಬಾಯಿ ಬಡ್ಕೊಂಡೆ. ನನ್ ಮೇಲೆ ಚಿರತೆ ಬಿದ್ದದೆ ಅಂತ ಇನ್ನೊಂದು ಚಿಲ್ಕ ಆಕೊಂಡ್ರು. ನಲ್ಲಿ ನೀರೆಲ್ಲ ಬೀದೀಲಿ ಅರಿದು ಕಬ್ಬಿನ ಗದ್ದೆಗೆ ಓಯ್ತಾ ಅದೆ!”

“ಈಗ ಸರಿಯಾಗಿ ಕೂಗ್ತದೆ ಅಂತ ನೀವು ಜನಕ್ಕೆ ಹೇಳಿರ್ಲಿಲ್ವಾ?”

“ರಾತ್ರಿ ಗ್ರಾಮಸಭೆ ಕರ್ದು ಏಳಾನ ಅಂತ ಒತ್ದೆ. ಗ್ರಾಮಸಭೆ ಅಂತ್ಲೇ ಕೂಗ್ತು. ಕರೆಂಟ್ ಓಯ್ತದೆ ಅಂದ್ಕೊಂಡು ಎಲ್ರೂ ಬೇಗ ಉಂಡು ಮನಿಕ್ಬುಟ್ರು.”

ಸಮ್ರೀನ್ ಕುರ್ಚಿಗೆ ಒರಗಿ ಯೋಚಿಸಿದಳು. ಯಂತ್ರಕ್ಕೆ ಎರಡು ಸಾಲಿನಲ್ಲಿ ತಿಳಿಸಿದ್ದಾಗಿತ್ತು. ಮನುಷ್ಯರಿಗೆ ತಿಳಿಸುವ ಕಡತ ಯಾವುದು? ಕೊನೆಗೆ ಅವಳಿಗೆ ಅಂಗನವಾಡಿಯ ಸಹನಳ ನೆನಪಾಯಿತು. ಅವತ್ತೇ ಸಂಜೆ ಹೋಗಿ, ಸಹನಳನ್ನು ಕೂರಿಸಿಕೊಂಡು, ಮೊಟ್ಟೆಯೊಂದನ್ನು ಬಿಟ್ಟು ಎಂಟನ್ನೂ ಹೊಸದಾಗಿ ರೆಕಾರ್ಡ್ ಮಾಡಿಸಿದಳು. “ನೀರು ಬಿಡಲಾಗಿದೆ. ಇದು ನಿಜವಾಗಿಯೂ ನೀರು. ಚಿರತೆ ಅಲ್ಲ.” “ಊರಿನಲ್ಲಿ ಚಿರತೆ ಕಾಣಿಸಿಕೊಂಡಿದೆ. ಇದು ನಿಜವಾಗಿಯೂ ಚಿರತೆ. ಬಿಂದಿಗೆ ತರಬೇಡಿ.” “ಗ್ರಾಮದ ಹಿರಿಯರೊಬ್ಬರು ನಿಧನರಾಗಿದ್ದಾರೆ. ನಿಜವಾಗಿಯೂ. ಚೀಲ ತರಬೇಡಿ.” ಈ ಕೊನೆಯದನ್ನು ಹೇಳುವಾಗ ಸಹನಳಿಗೆ ನಗು ಬಂದು ಏಳು ಸಲ ರೆಕಾರ್ಡ್ ಮಾಡಬೇಕಾಯಿತು. ಏಳನೆಯದರಲ್ಲೂ ಕೊನೆಗೆ ಸಣ್ಣದೊಂದು ಕಿಸಕ್ ಉಳಿದುಕೊಂಡಿದೆ. ಕುಳ್ಳಯ್ಯ ಅದನ್ನು ಕೇಳಿ, ಕಿಸಕ್ ತೆಗೆಯುವವರೆಗೆ ತಾನು ಸಾಯುವ ವಿಚಾರವನ್ನು ಮುಂದಕ್ಕೆ ಹಾಕಿದ್ದೇನೆ ಎಂದು ಹೇಳಿಕಳಿಸಿದ. ಅದನ್ನು ತೆಗೆಯದಿರುವುದೇ ಒಳ್ಳೆಯದೆಂದು ಸಮ್ರೀನ್ ಸುಮ್ಮನಿದ್ದಾಳೆ. ಅವನು ಈಗ ಕೋಲಿಲ್ಲದೆ ಓಡಾಡುತ್ತಾನೆ, ಬೆಳಿಗ್ಗೆ ಟ್ಯಾಂಕಿನ ಕೋಣೆಯ ಮುಂದೆ ನಿಂತು ಪೆಟ್ಟಿಗೆಗೆ ಒಂದು ಸಲ್ಯೂಟ್ ಹೊಡೆದು ಹೋಗುತ್ತಾನೆ.

ತಿಂಗಳೊಪ್ಪತ್ತಿನಲ್ಲಿ ಚಿರತೆ ಬಂತು. ನಿಜವಾಗಿಯೂ. ಸಂಜೆ ಐದರ ಹೊತ್ತಿಗೆ ಕಬ್ಬಿನ ಗದ್ದೆಯಿಂದ ಹೊರಗೆ ಬಂದದ್ದನ್ನು ಚೌಡಯ್ಯ ಟ್ಯಾಂಕಿನ ಮೆಟ್ಟಿಲ ಮೇಲಿಂದ ನೋಡಿದ. ಇಳಿದು ಓಡಿ ಬಲಮೂಲೆಯ ಚಿತ್ರ ಒತ್ತಿದ. ಊರೆಲ್ಲ ಬಾಗಿಲು ಹಾಕಿಕೊಂಡಿತು, ಒಬ್ಬಳನ್ನು ಬಿಟ್ಟು. ಕುಳ್ಳಮ್ಮನಿಗೆ ಮೊದಲ ಅರ್ಧ ಕೇಳಿದರೆ ಸಾಕು, ಪೂರ್ತಿ ಕೇಳುವ ತಾಳ್ಮೆಯಿಲ್ಲ. ಚಿರತೆ ಎಂಬ ಮಾತು ಕಿವಿಗೆ ಬಿದ್ದೊಡನೆ ಕಂಕುಳಲ್ಲೊಂದು ಕೈಯಲ್ಲೊಂದು ಸ್ಟೀಲಿನ ಬಿಂದಿಗೆ ಹಿಡಿದು ನಲ್ಲಿಯ ಹತ್ತಿರ ಹೋಗಿಬಿಟ್ಟಳು. ನಲ್ಲಿಯ ಕಟ್ಟೆಯ ಆ ಬದಿಯಲ್ಲಿ ಚಿರತೆ ನಿಂತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕುಳ್ಳಮ್ಮನ ಕೈಯಿಂದ ಎರಡೂ ಬಿಂದಿಗೆ ಜಾರಿ ಕಲ್ಲಿನ ಮೇಲೆ ಬಿದ್ದವು. ಆ ಸದ್ದಿಗೆ ಚಿರತೆ ಎಗರಿದ್ದು ಎಂಥ ಎಗರೆಂದರೆ, ಕಬ್ಬಿನ ಗದ್ದೆಯಲ್ಲಿ ಅದು ಹೊಕ್ಕ ಜಾಗ ಬೈತಲೆ ತೆಗೆದ ಹಾಗೆ ಆಗಿತ್ತು.

ಆಮೇಲೆ ಜನ ಸುತ್ತುವರಿದು ಕೇಳಿದಾಗ ಕುಳ್ಳಮ್ಮ ಹೇಳಿದ್ದು ಇಷ್ಟೇ: “ನಂಗೇನ್ ಗೊತ್ತು? ಅದೂ ಪಾಳಿಗೆ ನಿಂತದೆ ಅಂದ್ಕೊಂಡೆ.”

ಈ ಸುದ್ದಿಯನ್ನು ಪಾಂಡವಪುರಕ್ಕೆ ತಂದವನು ಹಫೀಜ್. ಅವನು ಹೇಳುವಾಗ ಚಿರತೆ ಎರಡಾಗಿದ್ದವು, ಒಂದರ ಮೈಮೇಲೆ ಬಿಂದಿಗೆಯ ಗುರುತೂ ಇತ್ತು. ಸಮ್ರೀನ್ ಎಲ್ಲವನ್ನೂ ಕೇಳಿದಳು. ಕುಳ್ಳಮ್ಮನಿಗೆ ಏನೂ ಆಗಿಲ್ಲವೆಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು, ಆಮೇಲೆ ನಕ್ಕಳು. ತನ್ನ ಯಂತ್ರ ಈ ಸಲ ಸರಿಯಾಗಿಯೇ ಕೂಗಿತ್ತಲ್ಲ ಎಂದು ಒಳಗೊಳಗೇ ಒಂದು ಸಮಾಧಾನವೂ ಆಯಿತು.

ವಾಪಸ್ ಬಂದಿಲ್ಲ ಎಂಬ ಮಾತನ್ನು ಅವಳೀಗ ಆಡುವುದಿಲ್ಲ. ಯಾರಾದರೂ ಫೋನಿನ ಗಾಜು ಬದಲಿಸಲು ಬಂದರೆ, ಕೆಲಸ ಮುಗಿದ ಮೇಲೆ ಎರಡು ನಿಮಿಷ ಕೂರಿಸುತ್ತಾಳೆ. ಸ್ಕ್ರೀನಿನ ನಾಲ್ಕು ಮೂಲೆ, ನಾಲ್ಕು ಅಂಚು, ಕೊನೆಗೆ ನಡು, ಹೀಗೆ ಒಂಬತ್ತು ಕಡೆ ಒತ್ತಿ, ಪ್ರತಿ ಸಲವೂ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಾಳೆ. ಹೊಸ ಗಿರಾಕಿಗಳು ಅದನ್ನು ದುವಾ ಎಂದುಕೊಂಡು ಭಕ್ತಿಯಿಂದ ಕಾಯುತ್ತಾರೆ. ಮೊನ್ನೆ ಗೊಬ್ಬರದಂಗಡಿಯವರು ತಮ್ಮ ಫೋನು ತಂದಿದ್ದಾಗ ಹತ್ತಿರ ಬಗ್ಗಿ ಕಿವಿಗೊಟ್ಟು ಕೇಳಿದರಂತೆ. ಅವಳು ಫೋನಿಗೆ ಹೇಳುತ್ತಿದ್ದುದು, “ಇದು ಎಡ ಕಣಮ್ಮಾ, ಗೊತ್ತಾಯ್ತಾ? ಇದು ಬಲ. ಎಲ್ಲಿ, ಇನ್ನೊಂದ್ಸಲ ಹೇಳು ನೋಡಾನ.”